ಬಾಗಿಲು ತಿರುಗಿಸಿದ ಮನೆ

"ಇದೇ ಬಾಗ್ಲು ಸಾರ್," ಎಂದ ಬೈರಣ್ಣ, ಮುಖಕ್ಕೆ ಹಾಕಿದ್ದ ಕಪ್ಪು ಬಟ್ಟೆಯ ಒಳಗಿಂದಲೇ. "ಇದ್ನೇ ತಟ್ಟಿದ್ದು. ಆಯಮ್ಮನೇ ಬಂದು ತೆಗೆದ್ಲು. ಒಂದ್ ಲೋಟ ನೀರ್ ಕೊಡವ್ವ ಅಂದೆ. ನೀರ್ ತರಕ್ಕೆ ಅಂತ ಒಳಕ್ಕೆ ತಿರುಗಿದ್ಲು."

ವಿಡಿಯೊ ಮಾಡುತ್ತಿದ್ದ ಪೇದೆ ಬಾಗಿಲನ್ನೂ ಬೈರಣ್ಣನ ಚಾಚಿದ ಬೆರಳನ್ನೂ ಒಟ್ಟಿಗೇ ಸೆರೆಹಿಡಿದ. ಪಂಚರಾಗಿ ಕರೆತಂದ ಇಬ್ಬರಲ್ಲಿ ಒಬ್ಬ ಪಕ್ಕದ ಬೇಕರಿಯವನು. ಅಂಗಡಿ ಬಿಟ್ಟು ಬಂದ ಚಿಂತೆಯಲ್ಲಿ ಅವನು ಮಹಜರಿನ ಕಡೆ ನೋಡಿದ್ದಕ್ಕಿಂತ ರಸ್ತೆಯ ಕಡೆ ನೋಡಿದ್ದೇ ಹೆಚ್ಚು. ಎದುರಿನ ಪಿ.ಜಿ.ಯ ಬಾಲ್ಕನಿಗಳಲ್ಲಿ ಹುಡುಗರು ಫೋನು ಹಿಡಿದು ಬಗ್ಗಿ ನಿಂತಿದ್ದರು. ಮತ್ತಿಕೆರೆಯ ಹುಡುಗರಿಗೆ ಕಾಲೇಜಿಗೆ ಚಕ್ಕರ್ ಹೊಡೆಯಲು ನೆಪ ಬೇಕೇ?

ಇನ್ಸ್‌ಪೆಕ್ಟರ್ ಅನಂತರಾಜು ಮಾತ್ರ ನಿಂತಲ್ಲಿ ನಿಲ್ಲಲಾರದೆ ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಗೇಟಿಗೆ ಓಡಾಡುತ್ತಿದ್ದ. ಕೊಲೆಗಾರ ತಾನಾಗಿ ಬಂದು ಮಡಿಲಿಗೆ ಬಿದ್ದಿದ್ದಾನೆ, ಇನ್ನೇನು ಬೇಕು? ಬೇರೆ ಯಾರೇ ಆಗಿದ್ದರೂ ಇಷ್ಟು ಹೊತ್ತಿಗೆ ಎರಡು ಮಸಾಲೆ ದೋಸೆ ತಿಂದು ಹಾಯಾಗಿ ಇರುತ್ತಿದ್ದರು. ಇವನಿಗೆ ಬೆಳಿಗ್ಗೆಯಿಂದ ಕಾಫಿಯೂ ಸೇರಿರಲಿಲ್ಲ.

ಕಳೆದ ಒಂದು ವರ್ಷದಲ್ಲಿ ಹೆಬ್ಬಾಳದ ಸುತ್ತಲಿನ ಹಳೇ ಊರುಗಳಲ್ಲಿ ಯಾರೋ ನಾಲ್ವರು ವಿಧವೆಯರನ್ನು ಮಟಮಟ ಮಧ್ಯಾಹ್ನ, ಅವರದೇ ಸೆರಗಿನಿಂದ ಕತ್ತು ಬಿಗಿದು ಕೊಂದಿದ್ದರು. ಐದನೆಯವರು ಬ್ಯಾಟರಾಯನಪುರದ ಮುನಿಕೃಷ್ಣಮ್ಮ. ಮಹಡಿ ಮೇಲಿನ ಬಾಡಿಗೆಯವರು ಅದೇ ಹೊತ್ತಿಗೆ ಇಳಿದು ಬಂದದ್ದರಿಂದ ಅವರು ಉಳಿದುಕೊಂಡರು. ನಿನ್ನೆ ಸಂಜೆ ಈ ಬೈರಣ್ಣ, ಹೆಬ್ಬಾಳದ ಕಡೆ ಅರ್ಧಕ್ಕೆ ನಿಂತ ಕಟ್ಟಡವೊಂದರ ವಾಚ್‌ಮನ್, ಠಾಣೆಗೆ ನಡೆದು ಬಂದು, ಟೀ ಕೇಳಿ ಕುಡಿದು, ಐದೂ ತನ್ನದೇ ಕೆಲಸ ಎಂದಿದ್ದ.

ಡಿಸಿಪಿ ಸಾಹೇಬರಿಗೆ ಸ್ವರ್ಗಕ್ಕೆ ಮೂರೇ ಗೇಣು. ಇವತ್ತು ಸಂಜೆಗೇ ಪತ್ರಿಕಾಗೋಷ್ಠಿ ಇಟ್ಟೇಬಿಟ್ಟಿದ್ದರು. ಅದು ಮುಗಿದ ಕೂಡಲೇ ಮುನಿಕೃಷ್ಣಮ್ಮನ ಮನೆಯ ಕಾವಲು ತೆಗೆಯಬೇಕೆಂದೂ ಹೇಳಿದ್ದರು. ಯಲಹಂಕದ ಏರ್ ಶೋ ಬಂದೋಬಸ್ತಿಗೆ ಜನ ಸಾಲದು, ಕೊಲೆಗಾರನೇ ಸಿಕ್ಕ ಮೇಲೆ ಮುದುಕಿಗೆ ಕಾವಲು ಏತಕ್ಕೆ ಎಂಬುದು ಅವರ ವಾದ.

ಅನಂತರಾಜುವಿನ ತಳಮಳವೆಲ್ಲ ಅದೇ. ಬೈರಣ್ಣ ಹೇಳಿದ್ದು ಸುಳ್ಳಾಗಿದ್ದರೆ ನಿಜವಾದವನು ಇನ್ನೂ ಹೊರಗಿದ್ದಾನೆ. ಹೊರಗಿರುವವನ ದನಿ ಕೇಳಿ ಬದುಕಿರುವವರು ಮುನಿಕೃಷ್ಣಮ್ಮ ಒಬ್ಬರೇ. ಅವರ ಗೇಟಿನ ಮುಂದೆ ಕೂರುವ ಕಾನ್‌ಸ್ಟೆಬಲ್ ರಾಣಿ ಎದ್ದು ಹೋದರೆ, ಆ ಜೀವಕ್ಕೆ ಚಿಲಕ ಬಿಟ್ಟರೆ ಬೇರೆ ದಿಕ್ಕಿಲ್ಲ.

ಒಪ್ಪಿಗೆಯ ಮಾತಿಗೆ ಮರುಳಾಗಬಾರದೆಂದು ಈ ಕೇಸೇ ಒಮ್ಮೆ ಪಾಠ ಕಲಿಸಿತ್ತು. ಮೊದಲಿದ್ದ ಇನ್ಸ್‌ಪೆಕ್ಟರ್, ಗ್ಯಾಸ್ ಸಿಲಿಂಡರ್ ಹಾಕುವ ಫರ್ಹಾನ್ ಎಂಬುವನನ್ನು ಹಿಡಿದು ತಂದಿದ್ದ. ಕೊಲೆಗಾರ ಬಂದ ದಿನ ಮುನಿಕೃಷ್ಣಮ್ಮನಿಗೆ ಕಣ್ಣಿನ ಪೊರೆ ತೆಗೆದು ವಾರವೂ ಆಗಿರಲಿಲ್ಲ. ಕಂಡದ್ದು ಬರೀ ನೆರಳು, ಕೇಳಿದ್ದು ದನಿ. ಫರ್ಹಾನನ ಮಾತು ಕೇಳಿ ಅವರು ಇವನೇ ಇರಬೇಕು ಎಂದಿದ್ದರು. ಎರಡು ದಿನದ ಏಟಿಗೆ ಫರ್ಹಾನ್ ಎಲ್ಲವನ್ನೂ ಒಪ್ಪಿಕೊಂಡು ಸಹಿ ಹಾಕಿದ. ಆಮೇಲೆ ನೋಡಿದರೆ, ಆ ಕೊಲೆಗಳಲ್ಲೊಂದು ನಡೆದ ಮಧ್ಯಾಹ್ನ ಅವನು ಕೋಲಾರದಲ್ಲಿ ಅಕ್ಕನ ಮದುವೆಯಲ್ಲಿ ಬಿರಿಯಾನಿ ಬಡಿಸುತ್ತಿದ್ದ. ಇಡೀ ಛತ್ರವೇ ಸಾಕ್ಷಿ. ಆ ಇನ್ಸ್‌ಪೆಕ್ಟರ್ ಎತ್ತಂಗಡಿಯಾಗಿ, ಕೇಸು ಅನಂತರಾಜುವಿನ ತಲೆಗೆ ಬಂದಿತ್ತು.

ಇವತ್ತು ಬೆಳಿಗ್ಗೆ ಮುನಿಕೃಷ್ಣಮ್ಮನನ್ನು ಠಾಣೆಗೆ ಕರೆಸಿ, ಮರೆಯಲ್ಲಿ ಕೂರಿಸಿ ಬೈರಣ್ಣನ ಮಾತು ಕೇಳಿಸಿದ್ದಾಯಿತು. ಕೇಳುತ್ತಲೇ ಅವರು ರಾಣಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಇದೇ ದನಿ ಎಂದರು. ಆಮೇಲೆ ಎದ್ದು ನಿಂತು, ಅವನ ಮುಂದೆಯೇ ಹೋಗಿ, ಅವನ ವಂಶದಲ್ಲಿ ಯಾರನ್ನೂ ಬಿಡದೆ ಬೈದರು. ಬೈರಣ್ಣ ತಲೆ ಬಗ್ಗಿಸಿ ಕೇಳಿಸಿಕೊಂಡ. ಕಂಡರೆ ಪಾಪ ಅನ್ನಿಸುವ ಮುಖ ಅವನದು.

ಎಲ್ಲವೂ ಕೂಡಿ ಬಂದಿತ್ತು. ಅದಕ್ಕೇ ಅನಂತರಾಜುವಿಗೆ ನಂಬಿಕೆ ಬರಲಿಲ್ಲ.

ಮೊದಲ ಕೊಲೆಯಾದ ಈ ಮತ್ತಿಕೆರೆ ಮನೆಯಿಂದಲೇ ಶುರು ಮಾಡೋಣವೆಂದು ಬೆಳಿಗ್ಗೆ ಹಟ ಹಿಡಿದಿದ್ದ ಬೈರಣ್ಣ ಇನ್ನೂ ಹೇಳುತ್ತಲೇ ಇದ್ದ. ಬಾಗಿಲು ದಾಟಿದರೆ ನಡುಮನೆ, ಎಡಕ್ಕೆ ಅಡುಗೆಮನೆ, ಅಲ್ಲೇ ಹಿಂದಿನಿಂದ ಸೆರಗು ಎಳೆದದ್ದು. ಒಂದೂ ತಡವರಿಕೆಯಿಲ್ಲ. ಅನಂತರಾಜು ಕಿವಿಯನ್ನು ಅತ್ತ ಕೊಟ್ಟು, ಕಾಲನ್ನು ಮನೆಯ ಪಕ್ಕಕ್ಕೆ ಬಿಟ್ಟ. ಸುಮ್ಮನೆ ಒಂದು ಸುತ್ತು ಹಾಕಿದರೆ ತಲೆಯಾದರೂ ಓಡೀತು ಎಂದು.

ಮನೆಯ ದಕ್ಷಿಣದ ಗೋಡೆಗೆ ಎರಡು ಮೆಟ್ಟಿಲುಗಳಿದ್ದವು. ಹತ್ತಿದರೆ ಗೋಡೆಗೆ ಮೂಗು ತಾಗುತ್ತಿತ್ತು, ಅಷ್ಟೇ. ಬಾಗಿಲಿಲ್ಲ, ಕಿಟಕಿಯೂ ಇಲ್ಲ. ಆ ಬರೀ ಗೋಡೆಯ ಮೇಲೆ, ಭುಜದ ಎತ್ತರದಲ್ಲಿ, ಒಂದು ಕಾಲಿಂಗ್ ಬೆಲ್ಲಿನ ಗುಂಡಿ. ಮೇಲೆ ಬಳಿದ ಬಣ್ಣದ ಅಡಿಯಲ್ಲಿ ಹೊಸ ಗಾರೆಯ ಒಂದು ನೀಳ ಚೌಕ ಉಬ್ಬಿಕೊಂಡು ಕಾಣುತ್ತಿತ್ತು.

ಅನಂತರಾಜು ಬೆಲ್ ಒತ್ತಿದ. ಒಳಗೆಲ್ಲೋ ಹಕ್ಕಿ ಕೂಗಿದ ಸದ್ದಾಯಿತು.

ಹಿತ್ತಲ ಕಡೆಯಿಂದ ಮನೆಯ ಸೊಸೆ ನಯನಾ ಓಡಿ ಬಂದಳು. ಮಹಜರು ಮುಗಿಯುವವರೆಗೆ ಈಚೆ ಬರಬೇಡಿ ಎಂದು ಪೊಲೀಸರೇ ಅವಳನ್ನು ಹಿತ್ತಲಿನಲ್ಲಿ ಕೂರಿಸಿದ್ದರು. ಸತ್ತ ಮರಿಯಮ್ಮ ಅವಳ ಅತ್ತೆ, ನಾಲ್ವರಲ್ಲಿ ಮೊದಲನೆಯವರು.

ಈ ಗೋಡೆಯಲ್ಲಿ ಬಾಗಿಲಿತ್ತೇ ಎಂದು ಅವನು ಕೇಳಿದ. ಇತ್ತು ಎಂದಳು. ಅತ್ತೆ ಹೋದ ನಕ್ಷತ್ರ ಸರಿಯಿರಲಿಲ್ಲವಂತೆ. ಮನೆ ಬಿಡಬೇಕೆಂದರು ಪುರೋಹಿತರು. ಮೂರು ತಿಂಗಳು ಬೀಗ ಹಾಕಿಕೊಂಡು ತಾವು ತಿಂಡ್ಲುವಿನಲ್ಲಿ ಬಾಡಿಗೆಗಿದ್ದರು. ವಾಪಸು ಬರುವಾಗ, ಹೆಣ ಹೋದ ಬಾಗಿಲಲ್ಲಿ ಕಾಲಿಡಬಾರದೆಂದು ದಕ್ಷಿಣದ ಬಾಗಿಲು ಮುಚ್ಚಿಸಿ, ಪೂರ್ವಕ್ಕೆ ಹೊಸದು ತೆಗೆಸಿದರು. ಹಳೇ ಊರಿನ ಮನೆಗಳಲ್ಲಿ ಹಾಗೇ ಸರ್, ಬಾಗಿಲು ತಿರುಗಿಸುತ್ತಾರೆ ಎಂದು ಅವಳು ಸಂಕೋಚದಿಂದ ಹೇಳಿದಳು, ಇದಕ್ಕೂ ಏನಾದರೂ ಪರ್ಮಿಷನ್ ತೆಗೆದುಕೊಳ್ಳಬೇಕಿತ್ತೇನೋ ಎಂಬಂತೆ.

ಅನಂತರಾಜುವಿಗೆ ಅವಳ ಕಾಲಿಗೆ ಬೀಳಬೇಕು ಅನ್ನಿಸಿತು. ಅವಳನ್ನು ಮತ್ತೆ ಹಿತ್ತಲಿಗೆ ಕಳುಹಿಸಿ, ಬೈರಣ್ಣನನ್ನು ಆ ಮೆಟ್ಟಿಲ ಬಳಿಗೆ ಕರೆಸಿ, ಮುಖದ ಬಟ್ಟೆ ತೆಗೆಸಿದ.

"ನೀನು ತಟ್ಟಿದ ಬಾಗಿಲು ಯಾವುದು?"

"ಅದೇ ಸಾರ್, ಆ ಕಡೇದು."

"ಮರಿಯಮ್ಮ ಸತ್ತ ದಿನ ಆ ಕಡೆ ಬಾಗಿಲೇ ಇರ್ಲಿಲ್ಲ ಕಣೋ. ಅಲ್ಲಿ ಗೋಡೆ ಇತ್ತು. ಬಾಗಿಲು ಇದ್ದಿದ್ದು ಇಲ್ಲಿ."

ಬೈರಣ್ಣ ಗೋಡೆ ನೋಡಿದ, ಮೆಟ್ಟಿಲು ನೋಡಿದ. ಆಮೇಲೆ ಅಲ್ಲೇ ಕುಸಿದು ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳಲು ಶುರು ಮಾಡಿದ. ಅನಂತರಾಜು ಇನ್ನೂ ನಾಲ್ಕು ಪ್ರಶ್ನೆ ಸಿದ್ಧ ಮಾಡಿಟ್ಟುಕೊಂಡಿದ್ದ. ಒಂದೂ ಬೇಕಾಗಲಿಲ್ಲ.

"ತಪ್ಪಾಯ್ತು ಸಾರ್. ನಾನ್ ಯಾರ್ನೂ ಕೊಂದಿಲ್ಲ. ಟಿವಿಲಿ ತೋರ್ಸಿದ್ದು, ಟೀ ಅಂಗ್ಡಿಲಿ ಮಾತಾಡ್ಕೊಂಡಿದ್ದು, ಎಲ್ಲಾ ಸೇರ್ಸಿ ಏಳ್ದೆ."

"ಮನೆ ಒಳಗಡೆ ಹೆಂಗೆ ಗೊತ್ತು?"

"ಟಿವಿಯೋರು ಒಳಕ್ಕೆ ನುಗ್ಗಿ ತೋರ್ಸಿದ್ರಲ್ಲ ಸಾರ್, ಅಡ್ಗೆಮನೆ ಗಂಟ."

ಅದು ನಿಜವೇ. ಟಿವಿಯವರು ಒಲೆಯ ಮೇಲಿದ್ದ ಪಾತ್ರೆಯ ಸಾರನ್ನೂ ಬಿಡದೆ ತೋರಿಸಿದ್ದರು.

"ಯಾಕೋ ಹಿಂಗ್ ಮಾಡ್ದೆ? ಗಲ್ಲಿಗೆ ಹಾಕ್ತಾರೆ ಅಂತ ಗೊತ್ತಾಗ್ಲಿಲ್ವಾ?"

"ಆ ಬಿಲ್ಡಿಂಗಲ್ಲಿ ಒಬ್ನೇ ಇರ್ತೀನಿ ಸಾರ್. ಬದ್ಕಿದೀಯಾ ಸತ್ತಿದೀಯಾ ಅಂತ ಒಬ್ರೂ ಕೇಳಲ್ಲ. ನಿನ್ನೆಯಿಂದ ನೀವೆಲ್ಲ ಸುತ್ತ ಕುಂತ್ಕೊಂಡು ನನ್ ಮಾತ್ ಕೇಳಿದ್ರಿ. ಅಷ್ಟೇ ಸಾರ್."

ಆ ಮಾತಿಗೆ ಬೇಕರಿಯವನೂ ಮುಖ ತಿರುಗಿಸಿಕೊಂಡ. ಅನಂತರಾಜುವಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕನಿಕರ ಬಂತು. ಅದರ ಜೊತೆಗೇ, ಬೇರೆ ಯಾರ ಕಣ್ಣಿಗೂ ಬೀಳದ ಬೆಲ್ಲಿನ ಗುಂಡಿ ತನ್ನ ಕಣ್ಣಿಗೆ ಬಿತ್ತಲ್ಲ ಎಂಬ ಹೆಮ್ಮೆಯೂ ಬಂತು. ಸುಳ್ಳೇಕೆ ಹೇಳಬೇಕು, ಹೆಮ್ಮೆಯೇ ಒಂದು ಕೈ ಮೇಲಿತ್ತು.

ಡಿಸಿಪಿ ಸಾಹೇಬರು ಫೋನಿನಲ್ಲಿ ಹಾರಾಡಿದರು. ಒಂದು ಮನೆ ತಪ್ಪು ಹೇಳಿದರೆ ಉಳಿದವೂ ಸುಳ್ಳೇ ಏನ್ರೀ ಎಂದರು. ಪೊಲೀಸರ ಮುಂದೆ ಒಪ್ಪಿಕೊಂಡದ್ದಕ್ಕೆ ಕೋರ್ಟಿನಲ್ಲಿ ಮೊದಲೇ ಬೆಲೆಯಿಲ್ಲ. ಅವನು ತೋರಿಸಿದ ಜಾಗವೂ ಸುಳ್ಳಾದ ಮೇಲೆ ನಮ್ಮ ಕೈಯಲ್ಲಿ ಉಳಿದದ್ದೇನು ಸರ್ ಎಂದು ಅನಂತರಾಜು ಕೇಳಿದ. ಫರ್ಹಾನನ ಹೆಸರನ್ನೂ ಒಮ್ಮೆ ಎತ್ತಿದ. ಕಡೆಗೆ ಪತ್ರಿಕಾಗೋಷ್ಠಿ ರದ್ದಾಯಿತು. ಹಳೇ ಮಹಜರಿನಲ್ಲಿ ಬಾಗಿಲಿನ ದಿಕ್ಕೇ ಬರೆದಿಲ್ಲ, ಬಾಗಿಲು ಯಾವಾಗ ತಿರುಗಿಸಿದರೆಂಬುದಕ್ಕೆ ಸಂಜೆಯೊಳಗೆ ಗಟ್ಟಿ ಪುರಾವೆ ಬೇಕು ಎಂದರು. ಮುದುಕಿಯ ಕಾವಲು ಸದ್ಯಕ್ಕೆ ಇರಲಿ ಎಂದರು.

ಅನಂತರಾಜುವಿಗೆ ಬೇಕಾಗಿದ್ದದ್ದು ಆ ಕಡೆಯ ಮಾತು.

ಬೈರಣ್ಣನನ್ನು ಇನ್ನೂ ದಸ್ತಗಿರಿಯೆಂದು ತೋರಿಸಿರಲಿಲ್ಲ. ಠಾಣೆಗೆ ಕರೆತಂದು, ಅವನು ಹೇಳಿದ್ದೆಲ್ಲ ಕಟ್ಟುಕತೆ, ಒಂಟಿತನಕ್ಕೆ ತಲೆಕೆಟ್ಟು ಹೇಳಿದ್ದು ಎಂದು ಬರೆದು, ಅನಂತರಾಜು ತಾನೇ ಸಹಿ ಹಾಕಿದ. ಇನ್ನೊಂದು ಸಲ ಇಂಥ ನಾಟಕವಾಡಿದರೆ ಚರ್ಮ ಸುಲಿಯುತ್ತೇನೆ ಎಂದು ಗದರಿಸಿ, ಊಟ ಕೊಡಿಸಿ ಕಳುಹಿಸಿದ. ಬೈರಣ್ಣ ಎಲೆ ಬಳಿದು ಉಂಡು, ಎಲ್ಲರಿಗೂ ಕೈ ಮುಗಿದು ಹೋದ.

ಆಮೇಲೆ ಮುನಿಕೃಷ್ಣಮ್ಮನಿಗೆ ಫೋನು ಮಾಡಿದ. ಅವನಲ್ಲ ಎಂದರೆ ಅವರು ಒಪ್ಪಲು ತಯಾರಿಲ್ಲ. ಅದೇ ದನಿ, ನನ್ನ ಕಿವಿಗೇನು ಪೊರೆ ಬಂದಿದೆಯೇ ಎಂದು ಜಗಳಕ್ಕೆ ನಿಂತರು. ಅನಂತರಾಜು ತಾಳ್ಮೆಯಿಂದ ಬಾಗಿಲಿನ ಕಥೆ ಹೇಳಿದ. ಫರ್ಹಾನನ ದನಿ ಕೇಳಿದಾಗಲೂ ಹೀಗೇ ಅಂದಿದ್ದಿರಿ, ಹೆದರಿದ ಕಿವಿಗೆ ಎಲ್ಲ ದನಿಯೂ ಒಂದೇ ಥರ ಕೇಳುತ್ತದೆ ಎಂದು ಮೆತ್ತಗೆ ನೆನಪಿಸಿದ. ಫರ್ಹಾನನ ಹೆಸರು ಬಂದದ್ದೇ ಅವರು ಜಗಳ ಬಿಟ್ಟರು. ಆ ಹುಡುಗ ಕೆಲಸ ಕಳೆದುಕೊಂಡದ್ದು ತನ್ನಿಂದ ಎಂಬ ಸಂಕಟ ಅವರಿಗೆ ಇನ್ನೂ ಇತ್ತು.

"ಅಂಗಾದ್ರೆ ಏನೂ ಮಾಡ್ದೋನ್ಗೆ ನಾನು ಅಷ್ಟೊಂದ್ ಬೈದ್ಬುಟ್ನೇನಪ್ಪ?" ಎಂದರು ಕೊನೆಗೆ.

"ಬಿಡಿ ಅಮ್ಮ. ಪಾಪದೋನು, ಅವನೇನೂ ಬೇಜಾರ್ ಮಾಡ್ಕೊಂಡಿಲ್ಲ. ರಾಣಿ ಅಲ್ಲೇ ಇರ್ತಾಳೆ, ನೀವು ಧೈರ್ಯವಾಗಿರಿ."

ಫೋನು ಇಟ್ಟ ಮೇಲೆ ಅವನಿಗೆ ಹಸಿವಾಯಿತು. ಒಂದು ಪ್ಲೇಟು ಚಿತ್ರಾನ್ನ ತರಿಸಿ ತಿಂದ. ಆದರೂ ಮನಸ್ಸು ನೆಲೆಗೆ ಬರಲಿಲ್ಲ. ಇಷ್ಟು ಸಲೀಸಾಗಿ ಕೇಸು ಬಿಡಿಸಿದ ನೆನಪು ಅವನ ಇಡೀ ನೌಕರಿಯಲ್ಲಿ ಇರಲಿಲ್ಲ.

ಡಿಸಿಪಿ ಕೇಳಿದ ಪುರಾವೆಗಾಗಿ ಮಧ್ಯಾಹ್ನ ಮತ್ತೆ ಮತ್ತಿಕೆರೆಗೆ ಹೋದ. ನಯನಾ ಮಗುವನ್ನು ಮಲಗಿಸಿ, ಫೋನು ತೆಗೆದುಕೊಂಡು ನಡುಮನೆಗೆ ಬಂದಳು. ಬಾಗಿಲು ತಿರುಗಿಸಿದ ದಿನ ಗಂಡ ವಿಡಿಯೊ ಮಾಡಿದ್ದಾರೆ, ಅದರಲ್ಲಿ ತಾರೀಖೂ ಇದೆ, ಆಗಬಹುದಾ ಎಂದು ಕೇಳಿದಳು. ಅದಕ್ಕಿಂತ ಇನ್ನೇನು ಬೇಕು?

ಹಳೇ ಬಾಗಿಲಿನಿಂದಲೇ ವಿಡಿಯೊ ಶುರುವಾಗುತ್ತಿತ್ತು. ಪುರೋಹಿತರು ದೂರ ನಿಂತಿದ್ದರು. ಗಾರೆ ಮೇಸ್ತ್ರಿಯೂ ಅವನ ಆಳುಗಳೂ ಇನ್ನೂ ದೂರ, ಗೇಟಿನ ಆಚೆ. ಬಾಗಿಲ ಬಳಿ ಒಬ್ಬನೇ ಒಬ್ಬ. ಕ್ಯಾಮೆರಾಗೆ ಬೆನ್ನು ಮಾಡಿ, ಹಾರೆಯಲ್ಲಿ ಮೀಟಿ, ಬಾಗಿಲನ್ನು ಚೌಕಟ್ಟಿನಿಂದ ಬಿಡಿಸುತ್ತಿದ್ದ.

"ಇಂಥ ಸಾವಾದ ಮನೆ ಬಾಗಿಲನ್ನ ಯಾರೂ ಮುಟ್ಟಲ್ಲ ಸರ್," ಎಂದಳು ನಯನಾ. "ಮೇಸ್ತ್ರಿ ಕೂಡ ಒಲ್ಲೆ ಅಂದ. ಅದಕ್ಕೇ ಇವರನ್ನ ಕರೆಸಿದ್ವಿ. ಈ ಕಡೆ ಎಲ್ಲಾ ಊರಲ್ಲೂ ಇವರೇ ಬಂದು ಕಿತ್ಕೊಂಡ್ ಹೋಗೋದು."

ವಿಡಿಯೊದಲ್ಲಿದ್ದವನು ಕಿತ್ತ ಬಾಗಿಲನ್ನು ಹೆಗಲಿಗೇರಿಸಿಕೊಂಡು ಈ ಕಡೆ ತಿರುಗಿದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ, ಕಂಡರೆ ಪಾಪ ಅನ್ನಿಸುವ ಮುಖ.

ಅನಂತರಾಜು ವಿಡಿಯೊ ನಿಲ್ಲಿಸಿ, ಆ ಮುಖವನ್ನು ದೊಡ್ಡದು ಮಾಡಿದ.

"ಬೈರಣ್ಣ ಅಂತ," ಎಂದಳು ನಯನಾ. "ನಮ್ಮತ್ತೆ ಇದ್ದಾಗಿಂದ ಪರಿಚಯ. ಈ ಕಡೆ ಬಂದಾಗೆಲ್ಲ ಬಾಗಿಲು ತಟ್ಟಿ ನೀರು ಕೇಳೋರು. ಅಂದಹಾಗೆ ಸರ್, ಬೆಳಿಗ್ಗೆ ಮುಸುಕು ಹಾಕಿ ಕರ್ಕೊಂಡ್ ಬಂದಿದ್ರಲ್ಲ, ಅದು ಯಾರು?"

ಅವನು ಫೋನನ್ನು ಅವಳ ಕೈಗಿಟ್ಟು ಎದ್ದ. ಹಳೇ ಬಾಗಿಲನ್ನು ತನ್ನ ಕೈಯಾರೆ ಕಿತ್ತು ಹೊತ್ತುಕೊಂಡು ಹೋದವನಿಗೆ, ಬಾಗಿಲು ಎಲ್ಲಿತ್ತೆಂದು ಗೊತ್ತಿರಲಿಲ್ಲವೇ? ಮತ್ತಿಕೆರೆ ಮನೆಯಿಂದಲೇ ಶುರು ಮಾಡಾಣ ಸಾರ್ ಎಂದು ಬೆಳಿಗ್ಗೆ ಹಟ ಹಿಡಿದವನೂ ಅವನೇ.

ಬೈರಣ್ಣ ತಪ್ಪು ಮಾಡಿರಲಿಲ್ಲ. ಸಿಕ್ಕಿಬೀಳುವಂಥ ಒಂದು ಸುಳ್ಳನ್ನು ಹುಡುಕಿ, ಎತ್ತಿ ಅನಂತರಾಜುವಿನ ಮುಂದೆ ಇಟ್ಟಿದ್ದ. ಈ ಸುಳ್ಳು ಒಡೆದರೆ ಉಳಿದ ನಿಜವೂ ಅದರ ಜೊತೆಗೆ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಇನ್ನು ಮೇಲೆ ಮುನಿಕೃಷ್ಣಮ್ಮ ಅವನ ದನಿಯನ್ನು ಗುರುತಿಸಿ ಎಷ್ಟು ಕೂಗಿಕೊಂಡರೂ ಕೇಳುವವರಿಲ್ಲ. ತಲೆಕೆಟ್ಟ ಬೈರಣ್ಣ, ಕತೆ ಕಟ್ಟುವ ಬೈರಣ್ಣ ಎಂದು ಪೊಲೀಸರೇ ಸಹಿ ಹಾಕಿ ಕೊಟ್ಟಾಗಿದೆ. ಆ ಮುದುಕಿಯ ಕಿವಿ ಸರಿಯಾಗಿಯೇ ಇತ್ತು. ತಪ್ಪೆಂದು ನಂಬಿಸಿದವನು ತಾನು. ಅನಂತರಾಜುವಿಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು.

ಜೀಪಿನ ಕಡೆ ಓಡುತ್ತಲೇ ರಾಣಿಗೆ ಫೋನು ಮಾಡಿದ. ಅವಳು ಎತ್ತಿದಾಗ ಹಿಂದೆ ಬಸ್ಸಿನ ಹಾರ್ನ್ ಕೇಳಿಸಿತು. ಮನೆಯ ಮುಂದೆ ಬಸ್ಸು ಹೋಗುವುದಿಲ್ಲ.

"ಎಲ್ಲಿದೀಯಮ್ಮ?"

"ಹಾಲಿನ ಬೂತ್ ಹತ್ರ ಸರ್. ಆ ಬೈರಣ್ಣ ಬಂದ್ರು, ಅಮ್ಮಂಗೆ ಒಂದ್ ಮಾತು ಹೇಳಿ ಹೋಗ್ತೀನಿ ಅಂತ. ಅಮ್ಮನೇ ಒಳಗೆ ಕರೆದು ಕೂರಿಸಿದ್ರು. ಕಾಫಿಗೆ ಹಾಲಿಲ್ಲ ಅಂತ ನನ್ನ ಕಳಿಸಿದ್ರು. ನಾನು ಬೇಡ ಅಂದೆ ಸರ್. ಪಾಪದೋನು ಅಂತ ನೀವೇ ಹೇಳಿದ್ರಂತಲ್ಲ?"

ಓಡು ಎಂದ. ಯಾಕೆ ಎಂದು ಹೇಳಲು ಹೊತ್ತಿರಲಿಲ್ಲ. ಜೀಪು ಬಿ.ಇ.ಎಲ್. ಸರ್ಕಲ್ ದಾಟಿ ಹೆಬ್ಬಾಳದ ಕಡೆ ತಿರುಗುತ್ತಲೇ ಮುಂದೆ ಕೆಂಪು ದೀಪಗಳ ಸಾಲು. ಸೈರನ್ ಹಾಕಿದರೂ ಸರಿಯಲು ಯಾರಿಗೂ ಜಾಗವಿರಲಿಲ್ಲ. ಹತ್ತಿರದ ಠಾಣೆಯಿಂದ ಗಾಡಿ ಕಳುಹಿಸಲು ವೈರ್‌ಲೆಸ್ಸಿನಲ್ಲಿ ಹೇಳಿ, ಮುನಿಕೃಷ್ಣಮ್ಮನ ನಂಬರ್ ಒತ್ತಿದ. ರಿಂಗಾಗುತ್ತಲೇ ಇತ್ತು. ಇನ್ನೇನು ಕಟ್ಟಾಗಬೇಕು ಎನ್ನುವಾಗ ಎತ್ತಿದರು.

"ನೀನ್ ಏಳಿದ್ದು ಸರಿ ಕಣಪ್ಪ," ಎಂದರು. ದನಿಯಲ್ಲಿ ಎಷ್ಟೋ ದಿನದ ಮೇಲೆ ಸಮಾಧಾನವಿತ್ತು. "ಒಳ್ಳೆ ಮನ್ಸ ಇವ್ನು. ಬೈದಿದ್ದುಕ್ಕೆ ನಾನೇ ಕೈ ಮುಗಿದೆ. ಕಾಫಿಗೆ ಇಡ್ತಾ ಇದೀನಿ."

"ಅಮ್ಮ, ನಾನ್ ಹೇಳೋದನ್ನ ಕೇಳಿ. ನಾನು ಹೇಳಿದ್ದು ತಪ್ಪು. ಅವನಿಗೆ ಬೆನ್ನು ಮಾಡ್ಬೇಡಿ. ಏನೂ ಮಾತಾಡ್ದೆ, ಸೀದಾ ರಸ್ತೆಗೆ ಬನ್ನಿ."

ಅತ್ತ ಒಂದು ಪಾತ್ರೆ ಉರುಳಿದ ಸದ್ದಾಯಿತು. ಯಾರೋ ಫೋನನ್ನು ನಿಧಾನವಾಗಿ ಕೈಗೆ ತೆಗೆದುಕೊಂಡರು.

"ಸಾರ್," ಎಂದ ಬೈರಣ್ಣ. ಬೆಳಗಿನ ಅಳುವಿನ ಸುಳಿವೂ ಅವನ ದನಿಯಲ್ಲಿರಲಿಲ್ಲ. "ಐದೂ ನಂದೇ ಅಂತ ನಿನ್ನೇನೇ ಏಳಿದ್ನಲ್ಲ. ನೀವೇ ಅಲ್ಲ ಅಂತ ಬರ್ಕೊಟ್ರಿ."